ಸದ್ದಿಲ್ಲದ ಡಬ್ಬಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.30

ಮಾವನ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿ ನೋಡಿದೆ. 91. ಆಕ್ಸಿಜನ್ ಮಿಷಿನ್ನಿನ ಬಾಟಲಿಗೆ ಕಾಯಿಸಿ ಆರಿಸಿದ ನೀರು ತುಂಬಿದೆ. ಮೂಗಿನ ಪೈಪು ಕಿವಿಯ ಹಿಂದೆ ಒತ್ತಿ ಒತ್ತಿ ಕೆಂಪಾಗಿದೆ, ಹತ್ತಿ ಇಟ್ಟೆ. ಎರಡು ಇಡ್ಲಿ ಹಾಕಿದರೆ ಒಂದೂವರೆ ತಿಂದರು.

"ಅರ್ಧ ಯಾಕ್ ಬುಟ್ರಿ ಮಾವ?"

"ಒಟ್ಟೇಲಿ ಉಸ್ರಿಗೂ ವಸಿ ಜಾಗ ಬೇಕಲ್ವವ್ವಾ."

ಕೊರತೆ ಉಸಿರಿಗೆ ಮಾತ್ರ. ಮಾತಿಗಿಲ್ಲ.

ಇನ್ನು ಕೆಲಸಕ್ಕೆ ಕೂರಬೇಕು. ಬಸರಾಳು ದೇವಸ್ಥಾನದ ಮೇಲೆ ಯಾರೋ ಬರೆದ ಥೀಸಿಸ್ಸು, ಇನ್ನೂರ ಹದಿನಾಲ್ಕು ಪುಟ. ಟೈಪ್ ಮಾಡಿ, ಪುಟ ಕಟ್ಟಿ, ಮಂಡ್ಯದ ಶಿವರಾಜು ಅವರ ಪ್ರೆಸ್ಸಿಗೆ ಕಳಿಸಬೇಕು. ನನ್ನ ಕಂಪ್ಯೂಟರ್ ಆನ್ ಮಾಡಿದರೆ ಸಾಕು, ಪಕ್ಕದ ಮನೆ ಸುನಿತಾ ಕಾಂಪೌಂಡಿನಾಚೆಯಿಂದ, "ಏನಕ್ಕಾ, ಇಟ್ಟಿನ ಮಿಲ್ ಮಡಗಿದ್ದೀರಾ?" ಅನ್ನುತ್ತಾಳೆ. ಎಂಟು ವರ್ಷದ ಹಳೇ ಪೆಟ್ಟಿಗೆ. ಒಳಗೆ ಫ್ಯಾನು ಎರಡು, ಎರಡೂ ಕೂಗುತ್ತವೆ. ಆ ಗಲಾಟೆಯಲ್ಲಿ ಪಕ್ಕದ ರೂಮಿನಲ್ಲಿ ಮಾವ ಕೆಮ್ಮಿದರೂ ಕೇಳುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ ಇಣುಕುವುದು ಅಭ್ಯಾಸವಾಗಿದೆ.

ಅದೇ ದಿನ. ಮಧ್ಯಾಹ್ನ 1.15

ಬೆಳಿಗ್ಗೆ ಆದದ್ದನ್ನು ಬರೆದಿಡೋಣ ಅಂತ ಕೂತೆ.

ಹನ್ನೊಂದಕ್ಕೆ ಸಿದ್ದರಾಜು ಫೋನು. ಲೈನ್‌ಮನ್ ಗಂಡನನ್ನು ಕಟ್ಟಿಕೊಂಡ ಲಾಭ ಇದೊಂದೇ, ಕರೆಂಟು ಹೋಗುವುದು ಊರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. "ಅನ್ನೊಂದೂವರೆಗೆ ಎಲ್‌ಸಿ ತಗತೀವಿ ಕಣಮ್ಮಿ. ಎಲ್ಡ್ ಗಂಟೆ ಆಯ್ತದೆ. ಅಪ್ಪನ್ನ ನೋಡ್ಕೊ." ಎಲ್‌ಸಿ ಅಂದರೆ ಲೈನು ಆರಿಸಿದೆ, ಇನ್ನು ಕಂಬ ಹತ್ತಬಹುದು ಅಂತ ಅವರ ಭಾಷೆ.

ಹೋಯಿತು. ಮಾವನ ಮಿಷಿನ್ನೂ ಯುಪಿಎಸ್ ಮೇಲೆ, ನನ್ನ ಕಂಪ್ಯೂಟರೂ ಅದರ ಮೇಲೆ. ಇಷ್ಟು ದಿನ ಹೇಗೋ ತಳ್ಳಿಕೊಂಡು ಬಂದಿತ್ತು. ಇವತ್ತು ಒಂದೇ ಸಮ ಕಿರುಚಿತು. ಕೆಂಪು ದೀಪ. ಎಲ್ಲ ನಿಂತಿತು. ಎಲ್ಲ ಅಂದರೆ ಮಾವನ ಮಿಷಿನ್ನೂ...

ಮಾವನ ಹತ್ತಿರ ಓಡಲೋ ಯುಪಿಎಸ್ ಹತ್ತಿರ ಓಡಲೋ ತಿಳಿಯದೆ ನಡುಮನೆಯಲ್ಲೇ ಒಂದು ಸುತ್ತು ಸುತ್ತಿದೆ — ಹುಚ್ಚಿ. ಆಮೇಲೆ ಕಂಪ್ಯೂಟರಿನ ಪ್ಲಗ್ಗು ಕಿತ್ತೆ. ಯುಪಿಎಸ್ ಆರಿಸಿ ಮತ್ತೆ ಹಾಕಿದೆ. ಮಿಷಿನ್ನು ಗೊರ್ ಅಂದಿತು. ಒಟ್ಟು ನಾಲ್ಕು ನಿಮಿಷ. ಕ್ಲಿಪ್ಪಿನಲ್ಲಿ 83. ಸ್ವಲ್ಪ ಹೊತ್ತಿಗೆ 87. ಈಗ 90.

ಒಂಬತ್ತು ಪುಟ ಹೋಯಿತು. ಸೇವ್ ಮಾಡಿರಲಿಲ್ಲ.

ಮಾವ ಉಸಿರು ಸರಿಹೋದ ಮೇಲೆ ಮೊದಲು ಆಡಿದ ಮಾತು: "ನನ್ ಮಿಸಿನ್ನು ನಿನ್ ಕೆಲ್ಸವ ನುಂಗಾಕ್ತಲ್ಲವ್ವಾ."

ಸುಮ್ಮನಿರಬಹುದಿತ್ತು. ನನ್ನ ಬಾಯಿಗೆ ಅದು ಗೊತ್ತಿಲ್ಲ. "ಊ ಮಾವ. ಎರಡೂ ಒಟ್ಟಿಗೆ ಓಡಕ್ಕಿಲ್ಲ. ಒಂದು ಓಡಬೇಕು ಅಂದ್ರೆ ಇನ್ನೊಂದು ನಿಲ್ಲಬೇಕು" ಅಂದುಬಿಟ್ಟೆ. ಹೆದರಿಕೆ ಸಿಟ್ಟಾಗಿ ಹೊರಗೆ ಬಂತು. ಮಾವ ಗೋಡೆ ಕಡೆ ತಿರುಗಿ ಮಲಗಿದರು.

ಮಾರ್ಚ್ 4, ಮಂಗಳವಾರ

ಸಂಜೆ ಸಿದ್ದರಾಜು ಆಫೀಸಿನಿಂದ ಟಾಂಗ್ ಟೆಸ್ಟರ್ ತಂದರು. ವೈರನ್ನು ಇಕ್ಕಳದಂತೆ ಹಿಡಿದರೆ ಎಷ್ಟು ಕರೆಂಟು ಎಳೆಯುತ್ತಿದೆ ಅಂತ ಹೇಳುತ್ತದೆ. ಮಾವನ ಮಿಷಿನ್ನು ಮುನ್ನೂರಿಪ್ಪತ್ತು ವ್ಯಾಟು. ನನ್ನ ಪೆಟ್ಟಿಗೆ, ಪರದೆ ಸೇರಿ ನೂರರವತ್ತು. ಬ್ಯಾಟರಿಗೆ ಮೂರು ವರ್ಷ ವಯಸ್ಸು. ಮಿಷಿನ್ನೊಂದೇ ಇದ್ದರೆ ಮೂರು ಗಂಟೆ ಹತ್ತಿರ ಬರುತ್ತದೆ. ಎರಡೂ ಇದ್ದರೆ ಎರಡು ಗಂಟೆಯೂ ಇಲ್ಲ. ಅದರ ಮೇಲೆ, ಮಿಷಿನ್ನು ಶುರುವಾಗುವಾಗ ಒಂದು ಸಲ ಜಗ್ಗಿ ಎಳೆಯುತ್ತದಂತೆ, ನಿನ್ನೆ ಆದದ್ದು ಅದೇ.

"ಟೈಪಿಂಗ್ ಬುಡು ವಸಿ ದಿನ" ಅಂದರು.

"ನೀವು ಕಂಬ ಹತ್ತೋದು ಬುಡಿ. ನಾನೂ ಬುಡ್ತೀನಿ."

ಹನ್ನೊಂದು ವರ್ಷದಿಂದ ಹಿಡಿದ ಕೆಲಸ ಇದು. ಪ್ರೆಸ್ಸಿನಲ್ಲಿ 'ವನಜಾ ಮಾಡಿದ್ರೆ ಪ್ರೂಫ್ ನೋಡೋದೇ ಬೇಡ' ಅಂತಾರೆ. ಅದನ್ನು ಒಂದು ಫ್ಯಾನಿನ ಗಲಾಟೆಗೆ ಬಿಟ್ಟುಕೊಡಲಾ?

ದೊಡ್ಡ ಯುಪಿಎಸ್ಸು ಆಮೇಲೆ ನೋಡೋಣ, ಅದಕ್ಕೆ ವೈರಿಂಗೇ ಬದಲಾಗಬೇಕು. ಈಗ ಬದಲಾಗಬೇಕಾದ್ದು ಕಂಪ್ಯೂಟರ್. ಚಿಕ್ಕದಿರಬೇಕು, ಕರೆಂಟು ಕುಡಿಯಬಾರದು, ಸದ್ದು ಮಾಡಬಾರದು. ಕರೆಂಟು ಹೋದಾಗ ಮಾವನ ಉಸಿರು ನಿಲ್ಲಬಾರದು. ಅವರು ಕರೆದರೆ ನನಗೆ ಕೇಳಬೇಕು. ಇಷ್ಟೇ.

ಮಾರ್ಚ್ 8, ಶನಿವಾರ

ಸುನಿತಾಳನ್ನು ಮಾವನ ಹತ್ತಿರ ಕೂರಿಸಿ ಮದ್ದೂರಿಗೆ ಬಸ್ಸು ಹಿಡಿದೆ. ಪುಟ್ಟರಾಜು ಕಂಪ್ಯೂಟರ್ ಅಂಗಡಿ. ಒಳಗೆ ಕಾಲಿಟ್ಟ ಕೂಡಲೇ ಗಾಜಿನ ಪೆಟ್ಟಿಗೆಯೊಂದನ್ನು ಎದುರಿಗಿಟ್ಟ. ಒಳಗೆ ಕೆಂಪು, ಹಸಿರು, ನೀಲಿ ದೀಪ. ಆರ್ಕೆಸ್ಟ್ರಾ ಸ್ಟೇಜು ಸೋಲಬೇಕು.

"ಅಕ್ಕ, ಇದ ತಗೊಳಿ. ಸಕತ್ ಸ್ಪೀಡು."

"ನನಗೆ ಸ್ಪೀಡು ಬೇಡ. ನಿಧಾನಕ್ಕೆ ಹೋಗೋದು ಇದ್ರೆ ಕೊಡು. ಬಾಯಿ ಮುಚ್ಚಿಕೊಂಡಿರಬೇಕು."

ಅವನಿಗೆ ಇಂಥ ಗಿರಾಕಿ ಇದೇ ಮೊದಲಂತೆ. ಹಳೇ ಲ್ಯಾಪ್‌ಟಾಪ್ ಒಂದು ತೋರಿಸಿದ. ಬ್ಯಾಟರಿ ಸತ್ತಿದೆ, ಫ್ಯಾನು ಸೀಟಿ ಹೊಡೆಯುತ್ತದೆ. ಹೊಸದು ಕೈಗೆ ಎಟುಕುವುದಿಲ್ಲ. ಅಂಗೈಯಗಲದ ಒಂದು ಬರೀ ಬೋರ್ಡು ತೋರಿಸಿದ, ಕರೆಂಟು ಏನೂ ಎಳೆಯುವುದಿಲ್ಲ, ಆದರೆ ಪ್ರೆಸ್ಸಿನ ಪುಟ ಕಟ್ಟುವ ಸಾಫ್ಟ್‌ವೇರ್ ಅದರಲ್ಲಿ ಕೂರುವುದಿಲ್ಲ. ಆಮೇಲೆ ಯಾವುದೋ ಕಂಪನಿಯಿಂದ ಬಂದ ಸೆಕೆಂಡ್‌ಹ್ಯಾಂಡ್ ಪುಟ್ಟ ಪೆಟ್ಟಿಗೆ, ದಪ್ಪ ಪುಸ್ತಕದಷ್ಟು. ಪರವಾಗಿಲ್ಲ. ಫ್ಯಾನು ಇದೆ, ಮೆತ್ತಗೆ. ಕೊನೆಗೆ ಫ್ಯಾನೇ ಇಲ್ಲದ್ದು. ಟಿಫನ್ ಡಬ್ಬಿಯಷ್ಟು. ಮೈತುಂಬ ಬಾಚಣಿಗೆಯ ಹಲ್ಲಿನಂಥ ಗೀರು, ಬಿಸಿ ಅದರಿಂದಲೇ ಹೊರಗೆ ಹೋಗುತ್ತದಂತೆ.

ಎರಡಕ್ಕೂ ಒಂದೊಂದಾಗಿ ಕಿವಿ ಇಟ್ಟು ಕೂತೆ.

"ಏನಕ್ಕ, ಮದ್ದೂರ್ ಸಂತೇಲಿ ಎಳ್ನೀರ್ ತಟ್ಟಿ ನೋಡ್ದಂಗೆ ನೋಡ್ತೀರಲ್ಲ!"

ನಗಲಿ. ಟೆಸ್ಟರ್ ಹಿಡಿಯಲು ಸಿದ್ದರಾಜು ಒಂದು ವೈರು ಬೇರೆ ತೆಗೆದು ಮಾಡಿಕೊಟ್ಟ ಎಕ್ಸ್‌ಟೆನ್ಶನ್ ಬಾಕ್ಸು ಚೀಲದಲ್ಲಿತ್ತು. ಟಾಂಗ್ ಟೆಸ್ಟರೂ ಇತ್ತು. ತೆಗೆದು ಹಿಡಿದಾಗ ಅವನ ನಗು ನಿಂತಿತು. ಫ್ಯಾನಿದ್ದದ್ದು ಸ್ವಲ್ಪ ತೋರಿಸಿತು. ಡಬ್ಬಿಗೆ ಹಿಡಿದರೆ ಸೊನ್ನೆ ಬಿಟ್ಟು ಮೇಲೇಳುವುದೇ ಇಲ್ಲ! ಕಂಬದ ಲೈನು ಅಳೆಯುವ ಸಾಧನಕ್ಕೆ ಇದು ಲೆಕ್ಕಕ್ಕೇ ಸಿಗಲಿಲ್ಲ. ಪುಟ್ಟರಾಜು ತನ್ನದೇ ಪುಟ್ಟ ಮೀಟರ್ ಹಾಕಿದ. ಒಂಬತ್ತು ವ್ಯಾಟು. ನನ್ನ ಹಳೇ ಪರದೆ ಸೇರಿಸಿದರೂ ಮೂವತ್ತು ದಾಟದು.

ತಕ್ಷಣ ತರಲಿಲ್ಲ. ಅಷ್ಟು ಚಿಕ್ಕದು ನಿಜವಾಗಿ ಕೆಲಸ ಮಾಡುತ್ತದಾ ಅಂತ ಅನುಮಾನ.

ಮಾರ್ಚ್ 11, ಮಂಗಳವಾರ

ಶಿವರಾಜು ಅವರಿಗೆ ಫೋನ್ ಮಾಡಿ ಕೇಳಿದೆ. "ನಮ್ ಸಾಫ್ಟ್‌ವೇರ್ ಅದ್ರಲ್ಲಿ ಓಡ್ತದೆ ಮೇಡಂ. ಫೋಟೋ ಜಾಸ್ತಿ ಇದ್ರೆ ವಸಿ ತಡವರಿಸ್ತದೆ. ಅಷ್ಟೆಯ" ಅಂದರು. ಥೀಸಿಸ್ಸು ಏಪ್ರಿಲ್ ಮುಗಿಯುವುದರೊಳಗೆ ಬೇಕಂತ ಇನ್ನೊಮ್ಮೆ ಹೇಳಿದರು. ಗೊತ್ತು ಅಂದೆ.

ಇವತ್ತೂ ಕರೆಂಟು ಹೋಯಿತು, ಇಪ್ಪತ್ತು ನಿಮಿಷ. ಹೋದ ಕೂಡಲೇ ನಾನೇ ಕಂಪ್ಯೂಟರ್ ಆರಿಸಿದೆ. ಗೋಡೆಯಾಚೆಯಿಂದ ಮಾವನ ದನಿ: "ಆರುಸ್ದೇನವ್ವಾ? ನಂಗೋಸ್ಕರನಾ?"

ಮಾರ್ಚ್ 16, ಭಾನುವಾರ

ನಿನ್ನೆ ಡಬ್ಬಿ ತಂದೆ. ಇವತ್ತು ಸಿದ್ದರಾಜು ಜೋಡಿಸಿಕೊಟ್ಟರು. ಹಳೇ ಪೆಟ್ಟಿಗೆ ಅಟ್ಟಕ್ಕೆ.

ಆನ್ ಮಾಡಿದೆ. ಏನೂ ಇಲ್ಲ. ಪರದೆ ಬೆಳಗಿತು, ಅಷ್ಟೇ. ಸದ್ದೇ ಇಲ್ಲ! ನನ್ನ ಮನೆಯಲ್ಲಿ ಗಡಿಯಾರವೊಂದಿದೆ ಅಂತ ಮೊದಲ ಸಲ ಗೊತ್ತಾಯಿತು. ಪಕ್ಕದ ರೂಮಿನಿಂದ ಮಾವನ ಮಿಷಿನ್ನಿನ ಗೊರಗೊರ, ನಡುವೆ ಅವರ ಉಸಿರು, ಕೆಮ್ಮು, ಹಾಸಿಗೆಯಲ್ಲಿ ಹೊರಳಿದ್ದು, ಎಲ್ಲ ಕೇಳುತ್ತದೆ. ಖುಷಿಗೆ ಕಣ್ಣಲ್ಲಿ ನೀರು ಬಂತು.

ಮಾವನನ್ನು ಕೈಹಿಡಿದು ಕರೆತಂದು ತೋರಿಸಿದೆ. ಉದ್ದದ ಪೈಪು ಹಿಂದೆ ಎಳೆದುಕೊಂಡು ಬಂದರು. ಡಬ್ಬಿಯ ಮೇಲೆ ಅಂಗೈ ಇಟ್ಟರು.

"ಬೆಚ್ಚಗದೆ. ಓಡ್ತಾ ಅದೇನವ್ವಾ ಇದು?"

"ಓಡ್ತಾ ಇದೆ ಮಾವ."

"ಸಬ್ದನೇ ಇಲ್ವಲ್ಲ. ಅದೆಂಗೆ ಗೊತ್ತಾಯ್ತದೆ?"

ಅವರ ಲೋಕ ಬೇರೆ. ನಲವತ್ತು ವರ್ಷ ಆಲೆಮನೆಗಳಲ್ಲಿ ಒಲೆಗೆ ಉರಿ ಹಾಕಿದವರು. ಯಲಿಯೂರು, ಮದ್ದೂರು, ಎಲ್ಲಿ ಕಬ್ಬು ಅರೆಯುತ್ತಾರೋ ಅಲ್ಲಿ. ಸಿಪ್ಪೆ ಹಸಿಯಿದ್ದ ದಿನ ಟೈರು ಸುಟ್ಟರು, ಆ ಹೊಗೆಯೇ ಈಗ ಎದೆಯಲ್ಲಿ ಕೂತಿರುವುದು. ಒಲೆಯ ಬಾಯಿ ನೆಲದ ಮಟ್ಟಕ್ಕಿಂತ ಕೆಳಗಿರುತ್ತದೆ. ಅಲ್ಲಿ ಕೂತವನಿಗೆ ಮೇಲಿನ ಕೊಪ್ಪರಿಗೆ ಕಾಣದು, ಗಾಣ ಕಾಣದು. ಎಲ್ಲ ಕಿವಿಯಲ್ಲೇ. ಗಾಣ ನಿಂತರೆ ಕೊಪ್ಪರಿಗೆಗೆ ಹೊಸ ಕಬ್ಬಿನ ಹಾಲು ಬರದು, ಒಲೆಯ ಉರಿ ಹೊರಗೆಳೆಯಬೇಕು. "ಗಾಣ ನಿಂತ್ರೆ ಉರಿ ಎಳಿ. ಯಾರೂ ಯೋಳಕಿಲ್ಲ ಕಣವ್ವ. ನೀನೇ ಎಳೀಬೇಕು. ಇಲ್ದಿದ್ರೆ ಮೇಲಿರೋನ್ ಪಾಕ ಸೀದೋಯ್ತದೆ" ಅಂದರು. ನಕ್ಕೆ. ನನ್ನ ಡಬ್ಬಿಯಲ್ಲಿ ಸೀಯುವುದೇನೂ ಇಲ್ಲ ಮಾವ ಅಂದೆ.

ಮಾರ್ಚ್ 19, ಬುಧವಾರ. ಸಂಜೆ

ಮೊದಲ ಪರೀಕ್ಷೆ. ಎಲ್‌ಸಿ, ಎರಡು ಗಂಟೆ ಹತ್ತು ನಿಮಿಷ. ಮಾವನ ಮಿಷಿನ್ನು ಓಡಿತು. ಡಬ್ಬಿ ಓಡಿತು. ಯುಪಿಎಸ್ ಒಂದು ಸಲವೂ ಕಿರುಚಲಿಲ್ಲ. ಹದಿನಾಲ್ಕು ಪುಟ ಮುಗಿಸಿದೆ. ಗೆದ್ದೆ ಅನ್ನಿಸಿತು.

ಆದರೆ ಮಾವ. ಎರಡು ಗಂಟೆಯಲ್ಲಿ ಆರು ಸಲ ಕರೆದರು. "ವನಜಾ, ಓಡ್ತಾ ಅದೇನವ್ವಾ?" ಓಡ್ತಿದೆ ಮಾವ. ಐದು ನಿಮಿಷ. "ನಿಂತಿಲ್ಲ ತಾನೇ?" ಇಲ್ಲ ಮಾವ. ಶಾಸನದ ಸಾಲು ಟೈಪ್ ಮಾಡುವಾಗ ಕಣ್ಣು ತೆಗೆದರೆ ಸಾಲು ತಪ್ಪುತ್ತದೆ. ಆರನೇ ಸಲಕ್ಕೆ ರೇಗಿತು. "ಓಡ್ತಾನೇ ಇರ್ತದೆ ಮಾವ, ಪದೇ ಪದೇ ಕೇಳಬ್ಯಾಡಿ!"

"ಆಯ್ತು ಬುಡವ್ವ."

ಆಮೇಲೆ ಕೇಳಲಿಲ್ಲ.

ಮಾರ್ಚ್ 24, ಸೋಮವಾರ. ಸಂಜೆ 5.50

ಮಂಡ್ಯ. ಆಸ್ಪತ್ರೆ. ಮಾವನನ್ನು ಒಳಗೆ ಕರೆದುಕೊಂಡು ಹೋದರು. ಸಿದ್ದರಾಜು ದಾರಿಯಲ್ಲಿದ್ದಾರೆ.

ಮಿಷಿನ್ನು ಆರಿತ್ತು. ಯುಪಿಎಸ್ ಚೆನ್ನಾಗಿಯೇ ಇತ್ತು. ಬ್ಯಾಟರಿ ಇತ್ತು. ಸ್ವಿಚ್ಚು ಆರಿತ್ತು.

ಯಾರು ಆರಿಸಿದ್ದು... ಬರೆಯಲು ಆಗುತ್ತಿಲ್ಲ.

ಏಪ್ರಿಲ್ 2, ಬುಧವಾರ. ಬೆಳಿಗ್ಗೆ 11. ಆಸ್ಪತ್ರೆ

ಒಂಬತ್ತು ದಿನ. ಮಾವ ಈಗ ಮಾತಾಡುತ್ತಾರೆ. ಇನ್ನೆರಡು ಮೂರು ದಿನದಲ್ಲಿ ಮನೆಗೆ ಅಂದರು ಡಾಕ್ಟರು. ಯುಗಾದಿ ಹಬ್ಬ ಇಲ್ಲೇ ಕಳೆಯಿತು, ಕ್ಯಾಂಟೀನಿನ ಉಪ್ಪಿಟ್ಟು.

ಆವತ್ತಿನದು ಈಗ ಬರೆಯಬಲ್ಲೆ. ಎರಡೂವರೆಗೆ ಕರೆಂಟು ಹೋಯಿತು. ಸಿದ್ದರಾಜು ಮೊದಲೇ ಹೇಳಿದ್ದರು. ಎಲ್ಲ ಸರಿಯಾಗಿ ಓಡುತ್ತಿತ್ತು. ಶಿವರಾಜು ಫೋನ್ ಮಾಡಿ ಪುಟಸಂಖ್ಯೆ ತಾಳೆ ನೋಡೋಣ ಅಂದರು. ನಮ್ಮ ಮನೆಯಲ್ಲಿ ಸಿಗ್ನಲ್ಲು ಸಿಗುವುದು ಹಿತ್ತಲ ಮೆಟ್ಟಿಲ ಮೇಲೆ ಮಾತ್ರ. ಮೊದಲಾಗಿದ್ದರೆ ಮಾವನನ್ನು ಬಿಟ್ಟು ಅಷ್ಟು ದೂರ ಕೂರುತ್ತಿರಲಿಲ್ಲ. ಈಗೇನು ಭಯ, ಡಬ್ಬಿ ಬಂದಿದೆಯಲ್ಲ! ಕಾಗದ ಹಿಡಿದು ಹೋಗಿ ಕೂತೆ. ಹದಿನೆಂಟು ನಿಮಿಷ. ಕರೆಯ ಲೆಕ್ಕ ಫೋನಿನಲ್ಲೇ ಇದೆ, ಅಳಿಸಿಲ್ಲ.

ಒಳಗೆ ಬಂದಾಗ ಮನೆಯಲ್ಲಿ ಗಡಿಯಾರದ ಸದ್ದು ಒಂದೇ. ಮಾವ ಹಾಸಿಗೆಯ ಅಂಚಿನಲ್ಲಿ, ಎರಡು ಕೈ ಮಂಡಿಗೆ ಊರಿ, ತಲೆ ಬಗ್ಗಿಸಿ ಕೂತಿದ್ದರು. ತುಟಿ ನೇರಳೆ. ಸ್ವಿಚ್ಚು ಹಾಕಿದೆ. ಕ್ಲಿಪ್ಪಿನಲ್ಲಿ 69 ನೋಡಿದೆ. ಕಿರುಚಿದೆನಂತೆ, ಸುನಿತಾ ಹೇಳಿದಳು. ಅವಳೇ ಆಂಬುಲೆನ್ಸಿಗೆ ಫೋನ್ ಮಾಡಿದ್ದು.

ನಿನ್ನೆ ಮಾವನೇ ಬಾಯಿಬಿಟ್ಟರು. ಸಿದ್ದರಾಜು ಕೇಳಿದ್ದು: "ಅಪ್ಪಾ, ಸ್ವಿಚ್ ಯಾರ್ ಆರ್ಸುದ್ದು?"

"ನಾನೇ ಕಣ್ಲಾ."

"ಯಾಕಪ್ಪ?"

"ಕರೆಂಟ್ ಓಯ್ತು. ವನಜವ್ವನ ರೂಮ್ ತಾವ ಕಿವಿ ಕೊಟ್ಟೆ. ಸಬ್ದ ಇಲ್ಲ. ಟಕಟಕ ಅನ್ನಾದೂ ಇಲ್ಲ. ನನ್ ಮಿಸಿನ್ನು ಆವಮ್ಮನ್ ಮಿಸಿನ್ನ ಆರ್ಸಾಕ್ತು ಅಂದ್ಕಂಡೆ. ಕೇಳಾನ ಅಂದ್ರೆ... ಕೇಳ್ಬ್ಯಾಡಿ ಅಂದಿತ್ತು. ಒಂದ್ ಓಡ್ಬೇಕು ಅಂದ್ರೆ ಒಂದ್ ನಿಲ್ಬೇಕಲ್ಲ. ಅದ್ಕೆ ನಂದ ಎಳ್ಕಂಡೆ."

ಎಳ್ಕಂಡೆ. ಒಲೆಯಿಂದ ಉರಿ ಎಳೆದ ಹಾಗೆ. ಗಾಣ ನಿಂತಿತು ಅಂತ ತಿಳಿದು, ಯಾರೂ ಹೇಳದೆಯೇ, ತಮ್ಮ ಉಸಿರನ್ನೇ ಎಳೆದುಬಿಟ್ಟರು. ನನ್ನ ಪಾಕ ಸೀಯಬಾರದು ಅಂತ.

ಅವರ ಮುಂದೆ ಅಳಲಿಲ್ಲ. ಹೊರಗೆ ಬಂದು ನಲ್ಲಿಯ ಹತ್ತಿರ ಅತ್ತೆ. ಆ ಮಾತು ಆಡಿದ್ದು ನಾನು. ಕೇಳಬೇಡಿ ಅಂದದ್ದೂ ನಾನು. ಸದ್ದಿಲ್ಲದ್ದೇ ಬೇಕು ಅಂತ ಅಂಗಡಿಯಲ್ಲಿ ಕಿವಿಯಿಟ್ಟು ಆರಿಸಿ ತಂದದ್ದೂ ನಾನೇ. ಸಿದ್ದರಾಜು ಬಂದು ಪಕ್ಕದಲ್ಲಿ ನಿಂತರು. "ಆವತ್ ಲೈನ್ ಆರ್ಸುದ್ದು ನಾನು ಕಣಮ್ಮಿ" ಅಂದರು. ಇಬ್ಬರೂ ಮುಖ ತೊಳೆದುಕೊಂಡು ಒಳಗೆ ಹೋದೆವು.

ಏಪ್ರಿಲ್ 6, ಭಾನುವಾರ

ನಿನ್ನೆ ಮನೆಗೆ ಬಂದೆವು. ಒಂದು ಆಕ್ಸಿಜನ್ ಸಿಲಿಂಡರ್ ಮನೆಯಲ್ಲಿರಲಿ ಅಂದಿದ್ದಾರೆ ಡಾಕ್ಟರು. ಹೇಳಿದ್ದೇವೆ, ತಿಂಗಳ ಕೊನೆಗೆ ಬರುತ್ತದಂತೆ.

ಸಿದ್ದರಾಜುಗೆ ಡಬ್ಬಿಯ ಮೇಲೆ ಸಿಟ್ಟು. "ವಾಪಸ್ ಕೊಟ್ಟು ಫ್ಯಾನ್ ಇರೋದ ತತ್ತೀನಿ. ಅಪ್ಪನಿಗೆ ಕೇಳುಸ್ಲಿ." ಒಂದು ಗಳಿಗೆ ಹೌದು ಅನ್ನಿಸಿತು. ಆಮೇಲೆ ಯೋಚಿಸಿದೆ. ಸದ್ದಿದ್ದರೆ ಅವರಿಗೆ ನನ್ನದು ಕೇಳುತ್ತದೆ, ನನಗೆ ಅವರದು ಕೇಳುವುದಿಲ್ಲ. ಡಬ್ಬಿಯ ತಪ್ಪಲ್ಲ ಇದು. ನಡುವೆ ಇರುವ ಗೋಡೆಯದು.

ಮೇಜನ್ನೇ ಮಾವನ ರೂಮಿಗೆ ಸಾಗಿಸಿದೆವು. ಹಳೇ ಪೆಟ್ಟಿಗೆಯಾಗಿದ್ದರೆ ಆಗುತ್ತಿರಲಿಲ್ಲ, ಮಂಚದ ಪಕ್ಕ ಇರುವುದೇ ಮೂರಡಿ. ಡಬ್ಬಿಯನ್ನು ಪರದೆಯ ಬೆನ್ನಿಗೆ ಸ್ಕ್ರೂ ಹಾಕಿ ಕೂರಿಸಿದರು. ಈಗ ನನ್ನ ಎಡಕ್ಕೆ ಮಾವ, ಅವರ ಎಡಕ್ಕೆ ಮಿಷಿನ್ನು. ಕೈ ಚಾಚಿದರೆ ಸ್ವಿಚ್ಚು ಅವರಿಗೂ ಸಿಗುತ್ತದೆ, ನನಗೂ ಸಿಗುತ್ತದೆ.

ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದೆ. ಮಾವ ನೋಡುತ್ತಿದ್ದರು. ಎಪ್ಪತ್ನಾಲ್ಕು ವರ್ಷದ ಮನುಷ್ಯನ ಮುಂದೆ ಟೇಪು ಅಂಟಿಸಿದೆ. ನಾಚಿಕೆಯಾಗಿ ಸಂಜೆ ಕಿತ್ತು ಹಾಕಿದೆ.

ಏಪ್ರಿಲ್ 11, ಶುಕ್ರವಾರ. ಮಧ್ಯಾಹ್ನ 12.40

ಹತ್ತು ಗಂಟೆಗೆ ಕರೆಂಟು ಹೋಯಿತು. ಟೈಪ್ ಮಾಡುತ್ತಲೇ ಓರೆಗಣ್ಣಲ್ಲಿ ನೋಡುತ್ತಿದ್ದೆ. ಮಾವನ ಕೈ ಎದ್ದಿತು. ಸ್ವಿಚ್ಚಿನ ಕಡೆ. ಹಿಡಿದುಬಿಟ್ಟೆ.

"ಓಡ್ತಾ ಇರೋದು ಕಾಣ್ತಾ ಇದೆಯಲ್ಲ ಮಾವ! ಪರದೆ ಕಣ್ಣ ಮುಂದೇನೇ ಇದೆ!"

"ಕಾಣ್ತದೆ ಕಣವ್ವ. ಕೈಗೆ ಗೊತ್ತಾಗಕಿಲ್ಲ."

ಸಿಟ್ಟು ನೆತ್ತಿಗೇರಿತು. ಕೈ ಬಿಡದೆ ಕೇಳಿದೆ. "ನಿಮ್ ಉಸ್ರಿಗಿಂತ ನನ್ ಟೈಪಿಂಗ್ ದೊಡ್ಡದಾ ಮಾವ? ಉಸಿರು ಬೇಕು ಅಂತ ಒಂದು ಸಲ ಬಾಯಿಬಿಟ್ಟು ಕೇಳಕ್ಕೆ ಆಗಲ್ವಾ ನಿಮಗೆ?"

ಮಿಷಿನ್ನು ಉಸಿರು ತುಂಬುತ್ತಿತ್ತು. ಆಮೇಲೆ ಮಾವ ನಿಧಾನಕ್ಕೆ, ಎರಡೆರಡೇ ಮಾತು: "ಒಲೆ ಬಾಯಲ್ಲಿ ಕುಂತೋನು ನಾನು. ನೀರು ಬೇಕಾದ್ರೂ ಕೇಳ್ತಿರ್ನಿಲ್ಲ. ಮೇಲಿರೋರ್ ಕುಡ್ದು ಮಿಕ್ಕುದ್ರೆ ಸುರೀತಿದ್ರು, ಬೊಗಸೇಲಿ ಇಡ್ಕತಿದ್ದೆ. ಯಾರ್ ತಾವೂ ಏನೂ ಕೇಳ್ದೋನಲ್ಲ ಕಣವ್ವ. ಈಗ ಉಸ್ರು ಕೇಳಾದಾ?"

ಲೋಟ ಕೊಡದೆ ಮೇಲಿನಿಂದ ಸುರಿಯುತ್ತಿದ್ದವರು ಯಾರು, ಯಾಕೆ ಅಂತ ನಮ್ಮ ಮನೆಯಲ್ಲಿ ಯಾರೂ ಬಿಡಿಸಿ ಹೇಳಬೇಕಿಲ್ಲ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಇದೆ, ಮಾವನೇ ತಂದು ಹಾಕಿದ್ದು. ಮಗನನ್ನು ಓದಿಸಿದರು. ಸೊಸೆ ಕೆಲಸ ಬಿಡಬಾರದು ಅಂದರು. ತಮಗೆ ಅಂತ ಏನೂ ಕೇಳಲಿಲ್ಲ.

ಅವರ ಕೈ ಬಿಟ್ಟೆ.

ಏಪ್ರಿಲ್ 22, ಮಂಗಳವಾರ. ಮಧ್ಯಾಹ್ನ 3.10

ಒಂದೂವರೆಗೆ ಗಾಳಿ ಮಳೆ. ಹೇಳದೆ ಕೇಳದೆ ಹೋಯಿತು ಕರೆಂಟು. ಮದ್ದೂರು ರಸ್ತೆಯಲ್ಲಿ ಮರ ಮುರಿದು ಲೈನಿನ ಮೇಲೆ ಬಿದ್ದಿದೆಯಂತೆ. ಸಿದ್ದರಾಜು ಅಲ್ಲೇ ಇದ್ದಾರೆ. ಯಾವಾಗ ಬರುತ್ತದೋ ಹೇಳಲಾರೆ ಅಂದರು. ಸಿಲಿಂಡರ್ ಇನ್ನೂ ಬಂದಿಲ್ಲ.

ಥೀಸಿಸ್ಸಿನ ಕೊನೆಯ ತಿದ್ದುಪಡಿ ಇವತ್ತು ಸಂಜೆ ಐದಕ್ಕೆ ಹೋಗಬೇಕು. ಹದಿನಾರು ಪುಟ ಬಾಕಿ. ಮಾವ 89. ನನ್ನನ್ನೇ ನೋಡುತ್ತಿದ್ದಾರೆ, ಬೆರಳನ್ನು, ಪರದೆಯನ್ನು. ಫ್ಯಾನು, ಲೈಟು ಆರಿಸಿದ್ದೇನೆ.

3.40

ಯುಪಿಎಸ್ಸಿನ ಮೊದಲ ಬೀಪು. ಇಷ್ಟು ಬೇಗ! ಬ್ಯಾಟರಿ ನಾವು ಅಂದುಕೊಂಡದ್ದಕ್ಕಿಂತ ಮುದಿಯಾಗಿದೆ. ಸುನಿತಾ ಆಂಬುಲೆನ್ಸಿಗೆ ಫೋನ್ ಮಾಡಿದಳು. ಮರ ಬಿದ್ದಿದೆ, ಸುತ್ತಿ ಬರಬೇಕು ಅಂದರಂತೆ.

ಡಬ್ಬಿ ಎಳೆಯುವುದು ಸ್ವಲ್ಪವೇ. ಆರಿಸಿದರೂ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಆರಿಸಬೇಕು ಅಂತ ಕೈ ಎತ್ತುವಷ್ಟರಲ್ಲಿ ಮಾವನ ಕೈ ಎದ್ದಿತು. ಕೈ ಸ್ವಿಚ್ಚಿಗೆ ಹೋಗಲಿಲ್ಲ. ನನ್ನ ಪರದೆಯ ಕಡೆ ಬೆರಳು ಮಾಡಿದರು.

"ನಿಂದ ಆರ್ಸವ್ವಾ."

"ಏನ್ ಮಾವ?"

"ನಿಂದ ಆರ್ಸು. ನಂಗೆ... ಉಸ್ರು ಬೇಕು ಕಣವ್ವ."

ಪ್ಲಗ್ಗನ್ನೇ ಕಿತ್ತೆ. ಸೇವ್ ಮಾಡಲಿಲ್ಲ. ಎಷ್ಟು ಪುಟ ಹೋಯಿತೋ, ಹೋಗಲಿ. ಶಿವರಾಜು ಬೈಯಲಿ. ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ.

3.55

ಕತ್ತಲ ರೂಮಿನಲ್ಲಿ, ಕಿಟಕಿಯ ಬೆಳಕಿಗೆ ಹಿಡಿದು ಬರೆಯುತ್ತಿದ್ದೇನೆ. ಗಡಿಯಾರ ನೋಡಬಾರದು ಅಂತ. 87.

ಹಿತ್ತಲಿಗೆ ಓಡಿ ಹೋಗಿ ಸಿದ್ದರಾಜುಗೆ ಫೋನ್ ಮಾಡಿ ಬಂದೆ. ಗಾಳಿಯ ಸದ್ದಿನಲ್ಲಿ ಕೂಗಿದರು. "ಇನ್ನರ್ಧ ಗಂಟೆ ಕಣಮ್ಮಿ!" ಅವರಪ್ಪ ಏನು ಕೇಳಿದರು ಅಂತ ಹೇಳಿದೆ.

"ಅಪ್ಪನೇ ಕೇಳ್ತಾ? ಬಾಯ್ಬುಟ್ಟು?"

"ಊ."

"ಕಾಲ್ಗಂಟೆ" ಅಂದು ಫೋನಿಟ್ಟರು.

4.08

ಬೀಪು ಹತ್ತಿರ ಹತ್ತಿರ ಬರುತ್ತಿದೆ. 85. ನನ್ನ ಎಡಗೈ ಮಾವನ ಕೈಯಲ್ಲಿದೆ. ಗಟ್ಟಿ ಹಿಡಿದಿದ್ದಾರೆ, ಇಷ್ಟು ಶಕ್ತಿ ಎಲ್ಲಿತ್ತೋ. "ಇನ್ನೆಷ್ಟೊತ್ತವ್ವಾ?" ಅಂದರು. ಮತ್ತೆ ಕೇಳಿದರು. ಇನ್ನೊಮ್ಮೆ. ಕೇಳಲಿ. ಎಷ್ಟು ಸಲ ಬೇಕಾದರೂ ಕೇಳಲಿ.

4.13

ಬೀಪು ಬಿಡುವಿಲ್ಲದೆ ಒಂದೇ ಸಮ. ಮಿಷಿನ್ನಿನ ದನಿ ಇಳಿಯುತ್ತಿದೆ. ಸುನಿತಾ ರಸ್ತೆಗೆ ಓಡಿದಳು. ಬಾಗಿಲಾಚೆ ಜಗಲಿಯ ಬಲ್ಬು ಹತ್ತಿತು... ಅದು ಯುಪಿಎಸ್ಸಿನದಲ್ಲ, ಲೈನಿನದು —